ಕೊಲೆಯಾದವರ ಮನೆಯ ಮಾತು: ಪಟೇಲನಿಂದ ಪತ್ರಿಕಾಗೋಷ್ಠಿಯವರೆಗೆ

ಕೊಲೆಯಾದವರ ಮನೆಯವರ ಬದಲಿಗೆ ಪೊಲೀಸ್ ಅಧಿಕಾರಿ ಪತ್ರಕರ್ತರ ಮುಂದೆ ಮಾತನಾಡುವುದು ಕರ್ನಾಟಕದಲ್ಲಿ ಈಚಿನ ರೂಢಿ. ಆದರೆ ಹಿಂಸೆಯಿಂದಾದ ಸಾವನ್ನು ಬೇರೊಬ್ಬರು ಊರಿಗೆ ಸಾರುವುದು ಬಹಳ ಹಿಂದಿನದು. ತುರುಗೋಳಿನಲ್ಲಿ ದನ ಬಿಡಿಸಲು ಹೋಗಿ ಮಡಿದವನಿಗೆ ವೀರಗಲ್ಲು ನಿಲ್ಲಿಸಿ, ಅವನ ಮನೆತನಕ್ಕೆ ನೆತ್ತರುಗೊಡಗೆಯಾಗಿ ಭೂಮಿ ಬಿಡುತ್ತಿದ್ದರು. ಸಾವಿಗೆ ಸಾಕ್ಷಿ ಹೇಳುವುದು, ಉಳಿದವರ ಹೊಟ್ಟೆಪಾಡು ನೋಡುವುದು ಎರಡೂ ಇಲ್ಲಿ ಒಟ್ಟಿಗೇ ಆಗುತ್ತಿದ್ದವು. ಕಾದಾಡದೆ ಕೊಲೆಯಾದ ಸಾಮಾನ್ಯರಿಗೆ ಮಾತ್ರ ಈ ಗೌರವ ಸಿಗುತ್ತಿದ್ದುದು ಅಪರೂಪ.

ಮೈಸೂರು ಸಂಸ್ಥಾನದ ಕಾಲದಲ್ಲಿ ತುಮಕೂರು ಬಳಿಯ ಗೂಳೂರಿನಂಥ ಊರುಗಳಲ್ಲಿ ಸಾವನ್ನು ಸಾರುವ ಈ ಹೊಣೆ ಪಟೇಲನದಾಗಿತ್ತು. ಅಸಹಜ ಸಾವಿನ ಸುದ್ದಿ ತಳವಾರ, ತೋಟಿಗಳ ಮೂಲಕ ಅವನಿಗೆ, ಅವನಿಂದ ಠಾಣೆಗೆ ಮುಟ್ಟುತ್ತಿತ್ತು. ಪೊಲೀಸರು ಬಂದು, ಊರಿನ ಇಬ್ಬರಾದರೂ ಗೃಹಸ್ಥರನ್ನು ಪಂಚರನ್ನಾಗಿ ಕರೆದು, ಹೆಣದ ಮೇಲಿನ ಗಾಯಗಳನ್ನು ಬರೆಸಿ, ಪಂಚನಾಮೆಗೆ ರುಜು ಹಾಕಿಸುತ್ತಿದ್ದರು. ಆ ಕಾಗದದಲ್ಲಿ ಗಾಯದ ಅಳತೆ, ಬಟ್ಟೆಯ ಬಣ್ಣ, ಹೆಣ ಬಿದ್ದಿದ್ದ ದಿಕ್ಕು ಎಲ್ಲಕ್ಕೂ ಜಾಗವಿತ್ತು. ಮನೆಯವರ ಸಂಕಟಕ್ಕೆ ಇರಲಿಲ್ಲ. 1961ರ ಕಾಯ್ದೆಯಿಂದ ವಂಶಪಾರಂಪರ್ಯದ ಗ್ರಾಮಾಧಿಕಾರ ರದ್ದಾದ ಮೇಲೂ ಪಂಚನಾಮೆಯ ಕ್ರಮ ಬದಲಾಗಲಿಲ್ಲ.

ಪಟೇಲನ ಜಾಗಕ್ಕೆ ಮುಂದೆ ಬಂದದ್ದು ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಯ ಪತ್ರಿಕಾ ಪ್ರಕಟಣೆ. ಮೃತರ ಸಂಬಂಧಿ ಕೊಟ್ಟ ದೂರಿನ ಮೇರೆಗೆ ಪ್ರಕರಣ ದಾಖಲಾಗಿದೆ, ತಂಡ ರಚಿಸಲಾಗಿದೆ, ಆರೋಪಿಗಳನ್ನು ವಶಕ್ಕೆ ಪಡೆಯಲಾಗಿದೆ ಎಂಬಲ್ಲಿಗೆ ಅದು ಮುಗಿಯುತ್ತದೆ. ಸುದ್ದಿವಾಹಿನಿಗಳು ಹೆಚ್ಚಿದ ಮೇಲೆ ಕೊಲೆಯ ಕಾರಣವನ್ನೂ, ಸತ್ತವರ ಖಾಸಗಿ ಬದುಕನ್ನೂ ತನಿಖೆ ಮುಗಿಯುವ ಮುನ್ನವೇ ಹೇಳುವ ಚಾಳಿ ಬೆಳೆಯಿತು. ಇದು ಮನೆಯವರಿಗೆ ಎರಡನೆಯ ಪೆಟ್ಟು. ಸತ್ತವರು ಉತ್ತರ ಕೊಡಲಾರರು, ಬದುಕಿರುವವರನ್ನು ಯಾರೂ ಕೇಳಿರುವುದಿಲ್ಲ. ಪೊಲೀಸರ ಮಾಧ್ಯಮಗೋಷ್ಠಿಗೆ ಕೈಪಿಡಿ ಸಿದ್ಧಪಡಿಸುವಂತೆ ಸುಪ್ರೀಂ ಕೋರ್ಟ್ 2023ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಗೃಹ ಸಚಿವಾಲಯಕ್ಕೆ ಸೂಚಿಸಿತು.

ಒಂದು ವಿಷಯದಲ್ಲಿ ಮಾತ್ರ ಕಾನೂನು ಮೊದಲೇ ಬಾಯಿ ಕಟ್ಟಿತ್ತು. 1983ರಲ್ಲಿ ಸೇರಿದ ಭಾರತೀಯ ದಂಡ ಸಂಹಿತೆಯ 228-ಎ ಕಲಂ ಅತ್ಯಾಚಾರಕ್ಕೆ ಒಳಗಾದವರ ಗುರುತು ಪ್ರಕಟಿಸುವುದನ್ನು ಅಪರಾಧವಾಗಿಸಿತು. ಸಂತ್ರಸ್ತೆ ತೀರಿಕೊಂಡಿದ್ದು, ಮನೆಯವರೇ ಒಪ್ಪಿದರೂ ಸೆಷನ್ಸ್ ನ್ಯಾಯಾಧೀಶರ ಅನುಮತಿಯಿಲ್ಲದೆ ಹೆಸರು ಹೇಳುವಂತಿಲ್ಲ ಎಂದು 2018ರಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿತು.

ಪೊಲೀಸರ ಮಾತಿಗೆ ಕಾಯದೆ ಮನೆಯವರೇ ಮುಂದೆ ಬಂದ ಉದಾಹರಣೆಗಳೂ ಇವೆ. 2015ರ ಆಗಸ್ಟ್ 30ರಂದು ಧಾರವಾಡದ ತಮ್ಮ ಮನೆಯಲ್ಲಿ ಸಂಶೋಧಕ ಎಂ.ಎಂ. ಕಲಬುರ್ಗಿ ಹತ್ಯೆಯಾದರು. ತನಿಖೆ ಮುಂದೆ ಸಾಗದಿದ್ದಾಗ ಪತ್ನಿ ಉಮಾದೇವಿ ಸುಪ್ರೀಂ ಕೋರ್ಟಿನ ಮೊರೆ ಹೋದರು. 2019ರ ಫೆಬ್ರವರಿಯಲ್ಲಿ ಪ್ರಕರಣವು ಪತ್ರಕರ್ತೆ ಗೌರಿ ಲಂಕೇಶ್ ಹತ್ಯೆಯ ತನಿಖೆ ನಡೆಸುತ್ತಿದ್ದ ವಿಶೇಷ ತಂಡದ ಕೈಸೇರಿತು. ಗೌರಿಯವರ ಪ್ರಕರಣದಲ್ಲೂ ತಂಗಿ ಕವಿತಾ ಲಂಕೇಶ್ ನ್ಯಾಯಾಲಯದ ಮೆಟ್ಟಿಲೇರಿದರು. ಹೆಸರಿರುವ ಮನೆತನಗಳಿಗೆ ಇದು ಸಾಧ್ಯವಾಯಿತು. ಕೂಲಿಯವರ ಮನೆಗೆ ವಕೀಲರ ಫೀಸೇ ಮೊದಲ ಅಡ್ಡಿ.

ಮನೆಯವರ ದನಿಗೆ ಪೊಲೀಸರೇ ಜಾಗ ಕೊಡುವ ದಾರಿಯೂ ಇದೆ. ಬ್ರಿಟನ್ನಿನಲ್ಲಿ 1993ರಲ್ಲಿ ನಡೆದ ಸ್ಟೀಫನ್ ಲಾರೆನ್ಸ್ ಎಂಬ ಕಪ್ಪು ಯುವಕನ ಕೊಲೆಯ ತನಿಖೆಯ ಲೋಪಗಳನ್ನು 1999ರ ಮ್ಯಾಕ್‌ಫರ್ಸನ್ ವರದಿ ಬಯಲಿಗೆಳೆದ ಮೇಲೆ, ಕುಟುಂಬದ ಜೊತೆ ಸಂಪರ್ಕದಲ್ಲಿರಲು ತರಬೇತಾದ ಪೊಲೀಸರನ್ನು ನೇಮಿಸುವ ಕ್ರಮ ಬಲಗೊಂಡಿತು. ಮನೆಯವರ ಹೇಳಿಕೆಯನ್ನು ಅವರದೇ ಮಾತಿನಲ್ಲಿ ಪೊಲೀಸರು ಬಿಡುಗಡೆ ಮಾಡುವುದು ಅಲ್ಲಿ ವಾಡಿಕೆ. ಭಾರತದಲ್ಲಿ ಮನೆಯವರ ಹಕ್ಕುಗಳು ಬಿಡಿಬಿಡಿಯಾಗಿ ಬಂದವು. ದಂಡ ಪ್ರಕ್ರಿಯಾ ಸಂಹಿತೆಗೆ 2009ರಲ್ಲಿ ಜಾರಿಯಾದ ತಿದ್ದುಪಡಿ ಮೃತರ ವಾರಸುದಾರರನ್ನೂ ಸಂತ್ರಸ್ತರೆಂದು ಗುರುತಿಸಿ ಪರಿಹಾರಕ್ಕೆ ದಾರಿ ಮಾಡಿತು. ದೌರ್ಜನ್ಯ ತಡೆ ಕಾಯ್ದೆಯಲ್ಲಿ 2016ರಿಂದ ಜಾರಿಯಾದ 15-ಎ ಕಲಂ, ಪರಿಶಿಷ್ಟ ಜಾತಿ ಮತ್ತು ಪಂಗಡಗಳ ಸಂತ್ರಸ್ತರಿಗೆ, ಅವರ ಅವಲಂಬಿತರಿಗೆ ವಿಚಾರಣೆಯ ಮಾಹಿತಿ ಪಡೆಯುವ, ಅಹವಾಲು ಹೇಳಿಕೊಳ್ಳುವ ಹಕ್ಕು ಕೊಟ್ಟಿತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 193ನೇ ಕಲಂ ಪ್ರಕಾರ ತನಿಖೆಯ ಪ್ರಗತಿಯನ್ನು 90 ದಿನಗಳೊಳಗೆ ದೂರುದಾರರಿಗೆ ಅಥವಾ ಸಂತ್ರಸ್ತರಿಗೆ ಪೊಲೀಸರು ತಿಳಿಸಲೇಬೇಕು.