ಗಾಜಿನ ಹಿಂದೆ ಕೊಳೆಯುವ ಕೆಂಪು

ಆನ್ಯಾ ಗಲಾಚಿಯೊ (ಜನನ: 1963, ಪೈಸ್ಲಿ, ಸ್ಕಾಟ್ಲೆಂಡ್)
‘ಪ್ರಿಸರ್ವ್ ಬ್ಯೂಟಿ’, 1991–2003
2,000 ಜರ್ಬೆರಾ ಹೂಗಳು, ಗಾಜು, ಲೋಹ, ರಬ್ಬರ್

ನಮ್ಮ ಮದುವೆ ಮಂಟಪಗಳಲ್ಲಿ ಮೆರೆದು ಮರುದಿನವೇ ತಿಪ್ಪೆ ಸೇರುವ ಹೂವೇ ಇದು. ಗಲಾಚಿಯೊ ಅದನ್ನು ಸಾಲು ಸಾಲಾಗಿ ಒತ್ತಾಗಿ ಜೋಡಿಸಿ, ಗಾಜಿನ ಹಲಗೆಯಡಿ ಅದುಮಿ ಗೋಡೆಗೇರಿಸಿದರು. ಮೊದಮೊದಲು ಹೊಳೆಯುವ ಕೆಂಪು. ದಿನ ಕಳೆದಂತೆ ಎಸಳು ಕಂದುತ್ತದೆ, ಗಾಜಿನ ಒಳಮೈಗೆ ಬೂಷ್ಟು ಹಬ್ಬುತ್ತದೆ, ಕೆಲವು ಹೂಗಳು ಜಾರಿ ನೆಲಕ್ಕುದುರುತ್ತವೆ. ಕೊಳೆತ ವಾಸನೆಯೂ ಉಂಟು. ಛಾಯಾಚಿತ್ರ ನೋಡಿ ಮೆಚ್ಚಿದವರಿಗೆ ಅದು ದಕ್ಕುವುದಿಲ್ಲ.

2003ರಲ್ಲಿ ಬ್ರಿಟನ್ನಿನ ಸಮಕಾಲೀನ ಕಲೆಯ ಟರ್ನರ್ ಪ್ರಶಸ್ತಿಯ ಅಂತಿಮ ಪಟ್ಟಿಯಲ್ಲಿ ಗಲಾಚಿಯೊ ಇದ್ದರು. ಕೃತಿ ಈಗ ಬ್ರಿಟನ್ನಿನ ಟೇಟ್ ಸಂಗ್ರಹದ್ದು. ಹಾಗೆಂದು ಉಗ್ರಾಣದಲ್ಲಿ ಹೂಗಳಿಲ್ಲ: ಪ್ರದರ್ಶನ ಬಂದಾಗ ತಾಜಾ ಹೂ ಕೊಂಡು ಮತ್ತೆ ಜೋಡಿಸಬೇಕು.