ವಾರ್ಡಿನಲ್ಲಿ ಹುಟ್ಟಿದ ವಿದ್ಯೆ

ಇಂಗ್ಲೆಂಡಿನ ಎಸೆಕ್ಸ್ ಕೌಂಟಿಯ ಶಿಕ್ಷಣ ಇಲಾಖೆಯಲ್ಲಿದ್ದ ರೆಜಿನಾಲ್ಡ್ ರೆವನ್ಸ್ 1938ರಲ್ಲಿ ಒಂದು ಟಿಪ್ಪಣಿ ಬರೆದರು. ನರ್ಸಿಂಗ್ ಕಲಿಯಲು ಸೇರಿದ ಹುಡುಗಿಯರು ನಡುವೆಯೇ ಯಾಕೆ ಬಿಟ್ಟು ಹೋಗುತ್ತಾರೆ ಎಂಬುದು ಅದರ ವಿಷಯ. ಜೊತೆಗಾರರ ಪ್ರಶ್ನೆಗಳ ನೆರವಿನಿಂದ ತಮ್ಮದೇ ತೊಡಕುಗಳನ್ನು ಬಿಡಿಸುತ್ತ ಕಲಿಯುವ ಆಕ್ಷನ್ ಲರ್ನಿಂಗ್ ವಿಧಾನವನ್ನು ಮುಂದೆ ರೂಪಿಸಿದವರು ಇವರೇ. ಆಸ್ಪತ್ರೆ ಆಡಳಿತದ ಸ್ನಾತಕೋತ್ತರ ತರಗತಿಯಲ್ಲಿ ಅದರ ಪಾಠವನ್ನು ನಾನು ಶುರುಮಾಡುವುದು ಈ ಟಿಪ್ಪಣಿಯಿಂದಲೇ. ಕಂಪನಿಗಳಲ್ಲಿ ಹುಟ್ಟಿ ಆಮೇಲೆ ಆಸ್ಪತ್ರೆಗೆ ಬಂದ ವಿಧಾನವಿದು ಎಂದು ನಂಬಿಕೊಂಡು ಬರುವವರೇ ಹೆಚ್ಚು.

ರೆವನ್ಸ್ ಮೂಲತಃ ಭೌತವಿಜ್ಞಾನಿ. ರುದರ್‌ಫರ್ಡರಂಥ ಘಟಾನುಘಟಿಗಳು ಕೇಂಬ್ರಿಡ್ಜಿನ ಕ್ಯಾವೆಂಡಿಷ್ ಪ್ರಯೋಗಾಲಯದಲ್ಲಿ ಕೂತು, ತಮಗೆ ತಿಳಿಯದ್ದನ್ನು ಒಬ್ಬರ ಮುಂದೊಬ್ಬರು ಬಿಚ್ಚಿಡುವುದನ್ನು ಅವರು ಕಣ್ಣಾರೆ ಕಂಡಿದ್ದರು. ಎರಡನೇ ಮಹಾಯುದ್ಧ ಮುಗಿದ ಮೇಲೆ ಕಲ್ಲಿದ್ದಲು ಮಂಡಳಿಯಲ್ಲಿ ಅದನ್ನೇ ಬಳಸಿದರು: ಗಣಿ ಮ್ಯಾನೇಜರುಗಳು ಉಪನ್ಯಾಸ ಕೇಳುವುದಕ್ಕಿಂತ ಒಬ್ಬರ ತೊಡಕನ್ನು ಇನ್ನೊಬ್ಬರು ಕೆದಕಿ ಕಲಿಯಲಿ ಎಂದರು.

1955ರಲ್ಲಿ ಮ್ಯಾಂಚೆಸ್ಟರಿನಲ್ಲಿ ಪ್ರೊಫೆಸರಾದ ಮೇಲೆ ಮತ್ತೆ ಆಸ್ಪತ್ರೆಗಳ ಕಡೆ ತಿರುಗಿದರು. 1964ರ ‘ಸ್ಟ್ಯಾಂಡರ್ಡ್ಸ್ ಫಾರ್ ಮೊರೇಲ್’ ಪುಸ್ತಕದಲ್ಲಿ ಅವರು ತೋರಿಸಿದ್ದು ಇಂದಿಗೂ ನನ್ನನ್ನು ಹಿಡಿದು ನಿಲ್ಲಿಸುತ್ತದೆ. ವಾರ್ಡ್ ಸಿಸ್ಟರ್ ಮಾತಿಗೆ ಮೇಲಿನವರು ಕಿವಿಗೊಡುವ ಆಸ್ಪತ್ರೆಗಳಲ್ಲಿ ಕಲಿಯುವ ಹುಡುಗಿಯರು ಉಳಿಯುತ್ತಿದ್ದರು, ರೋಗಿಗಳೂ ಬೇಗ ಚೇತರಿಸಿಕೊಂಡು ಮನೆಗೆ ಹೋಗುತ್ತಿದ್ದರು. ಮುಂದೆ ಲಂಡನ್ನಿನ 10 ಆಸ್ಪತ್ರೆಗಳಲ್ಲಿ ವೈದ್ಯರು, ನರ್ಸ್‌ಗಳು, ಆಡಳಿತಗಾರರು ತಂಡ ಕಟ್ಟಿಕೊಂಡು ತಮ್ಮದೇ ಸಮಸ್ಯೆಗಳನ್ನು ಅಧ್ಯಯನ ಮಾಡಿದರು. ಹೊರಗಿನ ತಜ್ಞರು ಬಂದು ವರದಿ ಬರೆದುಕೊಟ್ಟು ಹೋಗುವ ಪದ್ಧತಿಯಿಂದ ಇದು ತೀರಾ ಬೇರೆ.

ನಮ್ಮ ತರಗತಿಯಲ್ಲೂ ಆರೇಳು ಜನರ ಗುಂಪು ಮಾಡುತ್ತೇವೆ. ಒಬ್ಬರು ತಮ್ಮ ಆಸ್ಪತ್ರೆಯ ತೊಡಕನ್ನು ಹೇಳಬೇಕು. ಉಳಿದವರು ಪ್ರಶ್ನೆ ಮಾತ್ರ ಕೇಳಬಹುದು, ಸಲಹೆ ಕೊಡುವಂತಿಲ್ಲ. ವೈದ್ಯರಿಗೆ ಇದು ಬಲು ಕಷ್ಟ. ಔಷಧಿ ಬರೆದೇ ರೂಢಿಯಾದ ಕೈ. ಒಮ್ಮೆ ಸರ್ಜನ್ ಒಬ್ಬರು ಔಷಧಿ ಕೌಂಟರಿನ ಮುಂದಿನ ಉದ್ದನೆಯ ಸಾಲಿನ ಬಗ್ಗೆ ಹೇಳಿ, ಇನ್ನೊಂದು ಕೌಂಟರ್ ಬೇಕೆಂದರು. ಗುಂಪಿನಲ್ಲಿದ್ದ ಫಾರ್ಮಸಿಸ್ಟ್ ಕೇಳಿದರು: “ಸರ್, ಯಾವ ಔಷಧಿ ಖಾಲಿಯಾಗಿದೆ ಅಂತ ಚೀಟಿ ಬರೆಯೋ ಡಾಕ್ಟರಿಗೆ ಬೆಳಿಗ್ಗೆ ಯಾರು ತಿಳಿಸ್ತಾರೆ?” ಯಾರೂ ತಿಳಿಸುತ್ತಿರಲಿಲ್ಲ. ಇಲ್ಲದ ಔಷಧಿಯ ಚೀಟಿ ಹಿಡಿದು ಜನ ಡಾಕ್ಟರ ಬಳಿಗೂ ಕೌಂಟರಿಗೂ ಅಲೆಯುತ್ತಿದ್ದರು. ಮುಂದಿನ ಭೇಟಿಯ ಹೊತ್ತಿಗೆ ಖಾಲಿಯಾದ ಔಷಧಿಗಳ ಪಟ್ಟಿ ಒಪಿಡಿ ಕೋಣೆಗಳಿಗೆ ಹೋಗತೊಡಗಿತ್ತು.

ಅದಕ್ಕೇ ಈ ಗುಂಪುಗಳಲ್ಲಿ ವೈದ್ಯರನ್ನಷ್ಟೇ ಕೂರಿಸಲು ನಾನು ಒಪ್ಪುವುದಿಲ್ಲ. ನರ್ಸ್, ಫಾರ್ಮಸಿಸ್ಟ್, ಲ್ಯಾಬಿನವರು ಇರಲೇಬೇಕು, ಅವರ ಪ್ರಶ್ನೆಗಳಿಗೂ ಅಂಕವಿರಬೇಕು.