ಗಂಡೋ ಹೆಣ್ಣೋ ಎಂಬ ಅವಸರ

ಅರಕಲಗೂಡಿನಲ್ಲಾಗಲಿ ಚನ್ನರಾಯಪಟ್ಟಣದಲ್ಲಾಗಲಿ, ಹೆರಿಗೆ ವಾರ್ಡಿನ ಹೊರಗೆ ನಿಂತವರ ಮೊದಲ ಪ್ರಶ್ನೆ ಒಂದೇ: ಗಂಡೋ, ಹೆಣ್ಣೋ? ಮಗುವಿನ ಜನನಾಂಗ ನೋಡಿ ಥಟ್ಟನೆ ಉತ್ತರಿಸಲಾಗದ ಹೆರಿಗೆಗಳೂ ಇವೆ. ಅಂಥ ಅಂತರಲಿಂಗಿ ಶಿಶುವಿಗೆ ಏನು ಮಾಡಬೇಕೆಂಬ ವೈದ್ಯರ ತಿಳಿವಳಿಕೆ ಎಪ್ಪತ್ತು ವರ್ಷಗಳಲ್ಲಿ ಬಹಳ ಬದಲಾಗಿದೆ.

ಬೇಗ ಒಂದು ಲಿಂಗ ನಿಶ್ಚಯಿಸಿ, ಎಳವೆಯಲ್ಲೇ ಶಸ್ತ್ರಚಿಕಿತ್ಸೆ ಮಾಡಿ, ಅದರಂತೆ ಬೆಳೆಸಿದರೆ ಮಗು ಒಗ್ಗಿಕೊಳ್ಳುತ್ತದೆ ಎಂದು 1950ರ ದಶಕದಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್‌ನ ಮನಶ್ಶಾಸ್ತ್ರಜ್ಞ ಜಾನ್ ಮನಿ ಪ್ರತಿಪಾದಿಸಿದರು. ಇದಕ್ಕೆ ಆಧಾರವಾಗಿ ಮುಂದೆ ಅವರು ತೋರಿಸುತ್ತಿದ್ದುದು ಕೆನಡಾದ ಡೇವಿಡ್ ರೈಮರ್‌ನನ್ನು. ಆತ ಅಂತರಲಿಂಗಿಯಲ್ಲ, ಸುನ್ನತಿಯ ಅವಘಡದಲ್ಲಿ ಶಿಶ್ನ ಕಳೆದುಕೊಂಡು ಹೆಣ್ಣಾಗಿ ಬೆಳೆಸಲ್ಪಟ್ಟ ಹುಡುಗ. ಹದಿಹರೆಯದಲ್ಲೇ ಆತ ಗಂಡಾಗಿ ಬದುಕತೊಡಗಿದ್ದ ಸಂಗತಿಯನ್ನು ಸಂಶೋಧಕರಾದ ಮಿಲ್ಟನ್ ಡೈಮಂಡ್ ಮತ್ತು ಕೀತ್ ಸಿಗ್ಮಂಡ್ಸನ್ 1997ರಲ್ಲಿ ಪ್ರಕಟಿಸಿದರು. 2004ರಲ್ಲಿ ಆತ ಆತ್ಮಹತ್ಯೆ ಮಾಡಿಕೊಂಡ. ಶೈಶವದಲ್ಲೇ ಕತ್ತರಿಗೆ ಸಿಕ್ಕ ಅಂತರಲಿಂಗಿಗಳೂ ಅಷ್ಟರಲ್ಲಿ ಸಂವೇದನೆ ಸತ್ತ ಅಂಗಗಳ ಬಗ್ಗೆ, ಮನೆಮಂದಿ ಮುಚ್ಚಿಟ್ಟ ಗುಟ್ಟಿನ ಬಗ್ಗೆ ಮಾತಾಡತೊಡಗಿದ್ದರು. ವೈದ್ಯರು ಸೇರಿ ರೂಪಿಸಿದ 2006ರ ಷಿಕಾಗೋ ಒಮ್ಮತದ ಹೇಳಿಕೆ, ಇಂಥ ಮಗುವಿಗೆ ತಜ್ಞರ ತಂಡ ಬೇಕು, ಏನನ್ನೂ ಮುಚ್ಚಿಡಬಾರದು, ಶಸ್ತ್ರಚಿಕಿತ್ಸೆಯಲ್ಲಿ ಎಚ್ಚರವಿರಲಿ ಎಂದಿತು.

ಇಷ್ಟಾದರೂ ಅವಸರ ಪಡಬೇಕಾದ ಕಡೆ ನಾವು ಪಡುತ್ತಿಲ್ಲ. ಹೆಣ್ಣು ಶಿಶುವಿನ ಜನನಾಂಗ ಗಂಡಿನಂತೆ ಕಾಣಲು ಮುಖ್ಯ ಕಾರಣ ಅಡ್ರಿನಲ್ ಗ್ರಂಥಿಯ ಒಂದು ಹುಟ್ಟು ದೋಷ. ಅದರ ತೀವ್ರ ರೂಪದಲ್ಲಿ ದೇಹದ ಉಪ್ಪು ಮೂತ್ರದಲ್ಲಿ ಸೋರಿಹೋಗುತ್ತದೆ. ಎರಡು ಮೂರು ವಾರಕ್ಕೆ, ಎಂದರೆ ಬಾಣಂತಿ ತವರು ಸೇರಿದ ಮೇಲೆ, ಮಗು ವಾಂತಿ ಮಾಡಿಕೊಂಡು, ಹಾಲು ಬಿಟ್ಟು, ತೂಕ ಕಳೆದುಕೊಳ್ಳುತ್ತದೆ. ಮಾಮೂಲಿ ವಾಂತಿಭೇದಿ ಎಂದುಕೊಂಡರೆ ಜೀವವೇ ಹೋದೀತು. ಇದೇ ದೋಷವಿರುವ ಗಂಡು ಮಗುವಿನಲ್ಲಿ ಹೊರಗೇನೂ ಕಾಣುವುದಿಲ್ಲವಾದ್ದರಿಂದ ಅಪಾಯ ಇನ್ನೂ ಹೆಚ್ಚು. ಹಿಮ್ಮಡಿಯಿಂದ ತೆಗೆದ ಒಂದೆರಡು ತೊಟ್ಟು ರಕ್ತದಲ್ಲಿ ಇದನ್ನು ಪತ್ತೆಹಚ್ಚಬಹುದು. ಹೈಡ್ರೋಕಾರ್ಟಿಸೋನ್ ಮಾತ್ರೆ ಜೀವ ಉಳಿಸುತ್ತದೆ.

ತಂದೆತಾಯಿ ಇಬ್ಬರಲ್ಲೂ ದೋಷದ ಜೀನ್ ಇದ್ದಾಗ ಇದು ಮಗುವಿಗೆ ಬರಬಹುದು. ರಕ್ತಸಂಬಂಧದ ಮದುವೆಗಳಲ್ಲಿ ಈ ಸಾಧ್ಯತೆ ಹೆಚ್ಚು. 1980ರ ದಶಕದಲ್ಲಿ ಬೆಂಗಳೂರು, ಮೈಸೂರು ಆಸ್ಪತ್ರೆಗಳಲ್ಲಿ ನಡೆದ ಅಧ್ಯಯನದಲ್ಲಿ ಸುಮಾರು ಮೂರನೇ ಒಂದು ಭಾಗದ ಮದುವೆಗಳು ರಕ್ತಸಂಬಂಧದೊಳಗಿನವು, ಹೆಚ್ಚಿನವು ಸೋದರಮಾವನೊಡನೆ. ಹಾಗೆಂದು ತಾಯಿಯನ್ನು ದೂರುವುದು ಅನ್ಯಾಯ. ಮುಂದಿನ ಬಸಿರಿಗೆ ಮುನ್ನ ಸಲಹೆ ಸಿಗುವಂತಾಗಬೇಕು, ಅಷ್ಟೆ.

ಕಾನೂನಿನ ನಡೆ ನಿಧಾನ. ಮಾಲ್ಟಾ 2015ರಲ್ಲಿ ಅನಗತ್ಯ ಶಸ್ತ್ರಚಿಕಿತ್ಸೆ ನಿಷೇಧಿಸಿತು. 2019ರ ಏಪ್ರಿಲ್‌ನಲ್ಲಿ ಮದ್ರಾಸ್ ಹೈಕೋರ್ಟಿನ ನ್ಯಾಯಮೂರ್ತಿ ಜಿ. ಆರ್. ಸ್ವಾಮಿನಾಥನ್, ತಂದೆತಾಯಿಯ ಒಪ್ಪಿಗೆ ಮಗುವಿನ ಒಪ್ಪಿಗೆಯಾಗದೆಂದು ತೀರ್ಪಿತ್ತರು. ಪ್ರಾಣಾಪಾಯದ ಸಂದರ್ಭ ಬಿಟ್ಟು ಉಳಿದಂತೆ ಇಂಥ ಶಸ್ತ್ರಚಿಕಿತ್ಸೆಯನ್ನು ತಮಿಳುನಾಡು ಅದೇ ವರ್ಷ ನಿಷೇಧಿಸಿತು. ಅಂಥ ಆದೇಶ ಕರ್ನಾಟಕಕ್ಕೂ ಬೇಕು. ಜನನವನ್ನು 21 ದಿನದೊಳಗೆ ನೋಂದಾಯಿಸಬೇಕೆಂಬ ನಿಯಮ ಇದೆ ನಿಜ, ಆದರೆ ನೋಂದಣಿಗೆ ಲಿಂಗ ಬರೆಸಿದ ಮಾತ್ರಕ್ಕೆ ಕತ್ತರಿ ಹಿಡಿಯಬೇಕಿಲ್ಲ. ಬೆಳೆಸಲು ಒಂದು ಲಿಂಗ ಆರಿಸಿಕೊಂಡು, ದೇಹದ ತೀರ್ಮಾನವನ್ನು ಮಗು ದೊಡ್ಡದಾಗುವವರೆಗೆ ಕಾಯ್ದಿಡಬಹುದು. ಹೊಳೆನರಸೀಪುರದಲ್ಲಿ ಹುಟ್ಟಿದ ಮಗುವಿನ ಹಿಮ್ಮಡಿಯ ರಕ್ತ ಮಾತ್ರ ಮೊದಲ ವಾರದಲ್ಲೇ ಪ್ರಯೋಗಾಲಯ ಸೇರಬೇಕು.